ಕರಡಿ ದಾರಿಯಲ್ಲಿ ಮೌನಜಪ

ಅಕ್ಷೋಭ್ಯಾಚಾರ್ ಕೆಟ್ಟವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಮುಗಿದ ಮೇಲೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ನಾನು ಕೊಟ್ರಯ್ಯ. ಯಶವಂತನಗರದ ಕಡೆಯ ಒಂದು ಗಣಿ ಕಂಪನಿಯಲ್ಲಿ ಬಸ್ ಓಡಿಸುತ್ತಿದ್ದೆ. ಕಬ್ಬಿಣದ ಅದಿರಿನ ಕೆಂಪು ಮಣ್ಣಿಗೆ ಚಿನ್ನದ ಬೆಲೆ ಬಂದಿದ್ದ ವರ್ಷಗಳವು. ಹೊಸಪೇಟೆಯಿಂದ ಸಂಡೂರಿನವರೆಗೆ ಲಾರಿಯ ಹಿಂದೆ ಲಾರಿ. ಧೂಳು ಕೂತು ಬಿಳಿ ಎತ್ತೂ ಕೆಂಪು, ಒಣಹಾಕಿದ ಪಂಚೆಯೂ ಕೆಂಪು. ಆಚಾರ್ರು ಲಾರಿ ತೂಕ ಹಾಕುವ ವೇಬ್ರಿಜ್‌ನಲ್ಲಿ ಗುಮಾಸ್ತರು. ದಿನಾ ಹೊಸಪೇಟೆಯಲ್ಲಿ ನನ್ನ ಬಸ್ಸು ಹತ್ತಿ ಮೊದಲ ಸೀಟಿನಲ್ಲಿ ಕೂರುತ್ತಿದ್ದರು. ತೂಕದಲ್ಲಿ ಒಂದಿಷ್ಟು ಕಣ್ಣು ಮುಚ್ಚಿದವನೂ ಕಾರು ಕೊಂಡ ಆ ಕಾಲದಲ್ಲಿ, ಲಾರಿಯವರು ಕೊಟ್ಟ ಚಹಾ ಕೂಡ ಮುಟ್ಟದ ಮನುಷ್ಯ.

ಒಂದು ಸಂಜೆ ಪಾಪಿನಾಯಕನಹಳ್ಳಿಯ ಹತ್ತಿರ ಅವರು ಪಾಲಪ್ಪನ ಚಹಾ ಅಂಗಡಿಯ ನೆರಳಿನಿಂದ ಎದ್ದು ಹತ್ತು ಹೆಜ್ಜೆ ನಡೆದಿರಬೇಕು, ಬ್ರೇಕ್ ಹೋದ ಲಾರಿಯೊಂದು ಅಂಗಡಿಯ ಮೇಲೆ ಹತ್ತಿತು. ಪಾಲಪ್ಪ ಅಲ್ಲೇ ಹೋದ. "ನನ್ನ ಬಾಯಾಗ ರಾಮನಾಮ ಇತ್ತು ಕೊಟ್ರಯ್ಯ, ಅದಕ್ಕ ಉಳದೆ" ಎಂದರು ಆಚಾರ್ರು. ಪಾಲಪ್ಪನ ಹಣೆ ತುಂಬ ದಿನವೂ ವಿಭೂತಿ ಇರುತ್ತಿತ್ತು. ಆ ಲೆಕ್ಕ ಯಾರೂ ಅವರನ್ನು ಕೇಳಲಿಲ್ಲ.

ಅಂದಿನಿಂದ ಅವರಿಗೆ ಒಂದೇ ಹಟ, ತಾನು ಉಳಿದ ಹಾಗೆ ಗಣಿಯ ಜನವೂ ಉಳಿಯಬೇಕು. ಪ್ರತಿ ಭಾನುವಾರ ಕೂಲಿಗಳ ಗುಡಿಸಲಿಗೆ ಹೋಗಿ ತುಳಸಿ ಮಣಿ ಕಟ್ಟಿ, ನಾಮ ಹೇಳಿಕೊಟ್ಟರು. ಅದರಿಂದ ಒಳ್ಳೆಯದೂ ಆಯಿತು, ಸುಳ್ಳೇಕೆ ಹೇಳಲಿ. ಅದಿರು ಆರಿಸುವ ದುರ್ಗಕ್ಕನ ಗಂಡ ಸುಂಕಪ್ಪ ಕುಡಿದು ಅವಳ ಬೆನ್ನು ಮುರಿಯುತ್ತಿದ್ದವನು, ಸಾರಾಯಿ ಬಿಟ್ಟು ಮಗಳು ಹುಲಿಗೆಮ್ಮನನ್ನು ಹೆಗಲ ಮೇಲೆ ಹೊತ್ತು ತಿರುಗತೊಡಗಿದ. ದುರ್ಗಕ್ಕನಿಗೆ ಆಚಾರ್ರೆಂದರೆ ದೇವರೇ ನಡೆದು ಬಂದ ಹಾಗೆ.

ಕಂಪನಿ ಬಸ್ಸು ಪರ್ಮನೆಂಟ್ ನೌಕರರಿಗೆ ಮಾತ್ರ. ಗುತ್ತಿಗೆಯ ಹೆಂಗಸರು ಬೆಳಕು ಹರಿಯುವ ಮುಂಚೆ ಕುರುಚಲು ಕಾಡಿನ ದಾರಿಯಲ್ಲಿ ನಡೆದೇ ಬರಬೇಕು. ಗುಡ್ಡಕ್ಕೆ ಮದ್ದು ಇಟ್ಟು ಸಿಡಿಸಿ ಸಿಡಿಸಿ, ಮೇಲಿದ್ದ ಕರಡಿಗಳೆಲ್ಲ ಕೆಳಗಿಳಿದಿದ್ದವು. ಆ ಪ್ರಾಣಿ ಬೇಕೆಂದು ಮೈಮೇಲೆ ಬರುವುದು ಕಡಿಮೆ, ಹತ್ತಿರದಲ್ಲಿ ಬೆಚ್ಚಿಬಿದ್ದರೆ ಮಾತ್ರ ಬಿಡುವುದಿಲ್ಲ, ನೇರ ಮುಖಕ್ಕೇ ಕೈಹಾಕುತ್ತದೆ. ದರೋಜಿಯ ಕರಡಿಧಾಮದಿಂದ ಸಂಡೂರಿನವರೆಗೆ ಎಲ್ಲರಿಗೂ ಗೊತ್ತಿರುವ ಮಾತಿದು. ಅದಕ್ಕೇ ಹೆಂಗಸರು ತಟ್ಟೆಗೆ ಕಲ್ಲಿನಿಂದ ಬಡಿದು, ಹೋ ಎಂದು ಕೂಗುತ್ತ ನಡೆಯುತ್ತಿದ್ದರು. ಆಚಾರ್ರು ಬಂದ ಮೇಲೆ ಕೂಗಿನ ಜಾಗದಲ್ಲಿ ಭಜನೆ ಬಂತು, ತಟ್ಟೆಯೇ ತಾಳವಾಯಿತು. ಆ ವರ್ಷ ಯಾರಿಗೂ ಒಂದು ಗೀರು ಬೀಳಲಿಲ್ಲ.

"ನಾಮದ ಶಕ್ತಿ ನೋಡಿದ್ಯಾ?" ಎಂದರು ನನಗೆ.

"ತಟ್ಟಿ ಶಕ್ತಿನೂ ಸ್ವಲ್ಪ ಇರಬೇಕ್ರಿ" ಎಂದೆ. ಅವರು ನಗಲಿಲ್ಲ.

ಅಲ್ಲಿಗೇ ನಿಲ್ಲಿಸಿದ್ದರೆ ಅವರಿಗೊಂದು ನಮಸ್ಕಾರ ಹಾಕುತ್ತಿದ್ದೆ. ಒಂದು ಏಕಾದಶಿಯಂದು ಗುಡಿಸಲುಗಳ ಮುಂದೆ ಕೂತು, ಕೂಗಿ ಹೇಳುವ ಜಪ ಕೆಳಗಿನ ಮೆಟ್ಟಿಲು, ತುಟಿಯಲ್ಲಿ ಹೇಳುವುದು ಅದಕ್ಕಿಂತ ಮೇಲು, ಮನಸ್ಸಿನೊಳಗೇ ಹೇಳುವುದು ಎಲ್ಲಕ್ಕೂ ಮೇಲು ಎಂದು ಬೋಧಿಸಿದರು. ಇದು ಕಿಷ್ಕಿಂಧೆಯ ನೆಲ, ಕರಡಿಗಳು ಜಾಂಬವಂತನ ಕುಲ, ರಾಮನ ಹೆಸರು ಇರುವ ಮೈಯನ್ನು ಅವು ಮುಟ್ಟುವುದಿಲ್ಲ ಎಂದರು. ಆಮೇಲೆ ದುರ್ಗಕ್ಕನ ಕಡೆ ತಿರುಗಿದರು.

"ಅಷ್ಟು ಕೂಗೋದು ಯಾಕ ದುರ್ಗಕ್ಕ? ದೇವ್ರಿಗೇನು ಕಿವುಡೇ?"

"ದೇವ್ರಿಗಲ್ರಿ ಆಚಾರ್ರೇ, ಕರಡಿಗೆ ಕೇಳಸ್ಬೇಕು" ಎಂದೆ ನಾನು, ಕೇಳಲು ಹೋಗಿ ಹಿಂದೆ ಕೂತಿದ್ದವನು.

ಎಲ್ಲರೂ ಗೊಳ್ಳೆಂದರು. ಆಚಾರ್ರ ಮುಖ ಬಿಗಿಯಿತು. ದುರ್ಗಕ್ಕನ ಕೈಯಿಂದ ತಟ್ಟೆ ಕಿತ್ತುಕೊಂಡು ನೆಲಕ್ಕಿಟ್ಟರು. "ಒಳಗ ನಾಮ ಇಟ್ಕಂಡು ಕೈಯಾಗ ತಟ್ಟಿ ಹಿಡಿಯೋದು ಅಂದ್ರ, ದೇವ್ರ ಮ್ಯಾಲೆ ಅಪನಂಬಿಕಿ ಅದು."

ಎದ್ದು ಹೊರಟ ದುರ್ಗಕ್ಕನನ್ನು ತಡೆದು, "ತಟ್ಟಿ ಬಿಡಬ್ಯಾಡಬೇ" ಎಂದೆ.

"ನನ್ನ ಗಂಡನ್ನ ಸಾರಾಯಿಂದ ಬಿಡಿಸಿದ ನಾಮ, ನನ್ನ ಕರಡಿಯಿಂದ ಬಿಡಸಂಗಿಲ್ಲೇನು ಕೊಟ್ರಣ್ಣ?" ಎಂದಳು.

ಕೆಲವು ದಿನ ಏನೂ ಆಗಲಿಲ್ಲ. ಒಂದು ಮುಂಜಾನೆ ಬಸ್ಸು ಕಾಡಿನ ದಾರಿ ರಸ್ತೆಗೆ ಸೇರುವ ತಿರುವಿಗೆ ಬರುತ್ತಲೇ ಹೆಂಗಸರು ಎದೆ ಬಡಿದುಕೊಂಡು ರಸ್ತೆಗೆ ಓಡಿಬಂದರು. ಸಾಲಾಗಿ, ಸದ್ದಿಲ್ಲದೆ, ಜಪ ಮಾಡುತ್ತ ಬರುತ್ತಿದ್ದರಂತೆ. ಮುಂದೆ ದುರ್ಗಕ್ಕ. ಪೊದೆಯ ಹಿಂದೆ ಹುತ್ತ ಕೆದಕುತ್ತಿದ್ದ ತಾಯಿಕರಡಿಯ ಮುಂದೆಯೇ ಹೋಗಿ ನಿಂತಿದ್ದಾಳೆ.

ಅವಳನ್ನು ಎತ್ತಿ ಬಸ್ಸಿನಲ್ಲಿ ಮಲಗಿಸಿದೆವು. ಮುಖದ ಅರ್ಧ ಭಾಗ ಇರಲಿಲ್ಲ. ಇದಕ್ಕಿಂತ ಹೆಚ್ಚು ಹೇಳಲಾರೆ. ಹೊಸಪೇಟೆಯ ಆಸ್ಪತ್ರೆಯವರೆಗೂ ಎಲ್ಲೂ ನಿಲ್ಲಿಸದೆ ಬಸ್ಸು ಓಡಿಸಿದೆ. ಆಚಾರ್ರು ತಮ್ಮ ಮೊದಲ ಸೀಟಿನಲ್ಲೇ ಇದ್ದರು. ಒಂದು ಸಲವೂ ಹಿಂತಿರುಗಿ ನೋಡದೆ ಬೆವರುತ್ತ ಮಣಿ ಎಣಿಸುತ್ತಿದ್ದರು. ಪಾಪ, ಈ ಮನುಷ್ಯ ಇನ್ನು ಬದುಕಲಾರ ಎಂದುಕೊಂಡೆ.

ದುರ್ಗಕ್ಕ ಉಳಿದಳು. ಒಂದು ಕಣ್ಣು ಹೋಯಿತು, ದವಡೆ ಹೊಲಿದಿದ್ದರಿಂದ ಮಾತೂ ಇಲ್ಲ. ಮುಂದಿನ ವಾರ ಆಚಾರ್ರು ಆಸ್ಪತ್ರೆಗೆ ಬಂದರು. ಸುಂಕಪ್ಪ, ಹುಲಿಗೆಮ್ಮ, ನಾನು ಮಂಚದ ಹತ್ತಿರವೇ ಇದ್ದೆವು. ಕ್ಷಮೆ ಕೇಳುತ್ತಾರೆ ಎಂದು ಜಾಗ ಬಿಟ್ಟುಕೊಟ್ಟೆ. ಅವರು ಬಗ್ಗಿ, ಹೆತ್ತ ತಂದೆಗಿಂತ ಮೆತ್ತಗೆ ಕೇಳಿದರು.

"ದುರ್ಗಕ್ಕ, ಆ ಗಳಿಗ್ಯಾಗ ನಿನ್ನ ಮನಸು ಎಲ್ಲಿತ್ತು? ಖರೇ ಹೇಳು."

ನಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ದುರ್ಗಕ್ಕ ಕೈ ಎತ್ತಿ ಹುಲಿಗೆಮ್ಮನ ಕಡೆ ತೋರಿಸಿದಳು.

"ಆವತ್ತು ಕೂಸಿಗೆ ಜ್ವರ ಇತ್ರಿ" ಎಂದ ಸುಂಕಪ್ಪ.

ಆಚಾರ್ರು ಉಸಿರು ಬಿಟ್ಟರು. ಮುಖದ ಕಳೆಯೇ ಬೇರೆಯಾಯಿತು. "ಹಂಗಾದ್ರ ನಾಮ ತಪ್ಪಿಲ್ಲ, ಮನಸು ತಪ್ಪೇತಿ."

ದುರ್ಗಕ್ಕ ಬ್ಯಾಂಡೇಜಿನ ಕೈಗಳನ್ನು ಜೋಡಿಸಿ ಅವರಿಗೆ ಮುಗಿದಳು. ತಪ್ಪಾಯಿತು ಎಂದು! ಹುಲಿಗೆಮ್ಮ ಅಪ್ಪನ ಅಂಗಿ ಜಗ್ಗಿ ಕೇಳಿದಳು, "ಯಪ್ಪಾ, ನಾನೇನ್ ಮಾಡ್ದೆ?"

ನಾನು ಆಚಾರ್ರ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಹೊಡೆಯಲು ಕೈ ಎತ್ತಿದ್ದೂ ನಿಜ. ಅವರು ಅಳುತ್ತಿದ್ದರು, ಸಂತೋಷದಿಂದ. "ನಾಮ ಸುಳ್ಳಾಗಿದ್ರ ನಾ ಸತ್ತಹೋಗ್ತಿದ್ದೆ ಕೊಟ್ರಯ್ಯ. ಆಕಿ ಹೇಳಿದ ಮ್ಯಾಲೆ ಜೀವ ಬಂತು." ಎತ್ತಿದ ಕೈ ಹಾಗೇ ನಿಂತಿತು. ಕರಡಿಗಾದರೂ ಭಯವಿತ್ತು, ಅದಕ್ಕೇ ಮೈಮೇಲೆ ಬಿತ್ತು. ಇವರಿಗೆ ಏನಿತ್ತು?

ಆಮೇಲೆ ತಮ್ಮ ಮಾತನ್ನು ಸಾಬೀತು ಮಾಡಲು ಅವರೇ ಆ ದಾರಿಯಲ್ಲಿ ಮುಂದೆ ಮುಂದೆ ಮೌನವಾಗಿ ನಡೆದರು. ಹಿಂದೆ ಹೆಂಗಸರು ಕೈನೋವಾಗುವಷ್ಟು ತಟ್ಟೆ ಬಡಿಯುತ್ತ ನಡೆದರು. ಗಣಿ ಮುಟ್ಟಿದ ಮೇಲೆ ಆಚಾರ್ರು, "ಒಂದು ಕರಡಿನಾದ್ರೂ ಬಂತಾ?" ಎಂದು ಕೇಳಿದರು. ಹೆಂಗಸರು ತಟ್ಟೆಗಳನ್ನು ಸೆರಗಿನಲ್ಲಿ ಒರೆಸಿಕೊಂಡು ಅದಿರು ಆರಿಸಲು ಹೋದರು.

ದುರ್ಗಕ್ಕ ಮನೆಗೆ ಬಂದ ಮೇಲೆ ನೋಡಿಬರಲು ಹೋದೆ. ಬಾಗಿಲು ಮುಚ್ಚಿತ್ತು. ಹುಲಿಗೆಮ್ಮ ಹೊರಗೆ ಮಣ್ಣಿನಲ್ಲಿ ಕೂತು, ನೆಗ್ಗಿದ ತಟ್ಟೆಗೆ ಕಲ್ಲಿನಿಂದ ಬಡಿಯುತ್ತಿದ್ದಳು.

"ಒಳಗ ಹೋಗಬಾರದೇನವ್ವ?" ಎಂದೆ.

"ಅವ್ವ ಜಪಕ್ಕ ಕುಂತಾಳ. ನಾ ಇದ್ರ ಮನಸು ತಪ್ಪತೈತಂತ" ಎಂದಳು.

"ಮತ್ತ ತಟ್ಟಿ ಯಾಕ?"

"ಅವ್ವ ಸುಮ್ಮಕ ಅದಾಳಲ್ಲ, ಕರಡಿ ಬಂದ್ರ?" ಎಂದು ಮತ್ತೆ ಬಡಿಯತೊಡಗಿದಳು.