ನಮ್ಮ ಓಣಿಯ ಬನ್ನಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ಸುಳ್ಳು ಹೇಳುವುದಿದ್ದರೆ ಗಿಡದ ವಿಷಯದಲ್ಲೇ ಹೇಳಬೇಕು, ಯಾರೂ ಅಡ್ಡಪ್ರಶ್ನೆ ಹಾಕುವುದಿಲ್ಲ ಎಂಬುದು ಮಾತ್ರ ನಿವೃತ್ತಿಯಾದ ಮೇಲೆ ಗೊತ್ತಾಯಿತು.

ವಿದ್ಯಾನಗರದ ನಮ್ಮ ಮನೆಯೆದುರಿನ ಖಾಲಿ ಸೈಟಿನಲ್ಲಿ ಒಂದು ಜಾಲಿ ಮರವಿದೆ. ಮುಳ್ಳಿನ ಧೈರ್ಯದ ಮೇಲೆ ಗೀಜಗಗಳು ಅದರಲ್ಲಿ ಗೂಡು ನೇಯುತ್ತವೆ. ಅಡುಗೆಮನೆಯ ಕಿಟಕಿಯಿಂದ ಅವನ್ನು ನೋಡದಿದ್ದರೆ ನನಗೆ ಚಹಾ ರುಚಿಸುವುದಿಲ್ಲ. ಸೈಟಿನ ಮಾಲೀಕರು ಪಕ್ಕದ ಮನೆಯವರೇ. ಅವರ ಸ್ಕೂಟರಿಗೆ ಮೂರನೇ ಸಲ ಮುಳ್ಳು ಚುಚ್ಚಿದ ದಿನ ಕೊಡಲಿಯವನನ್ನು ಕರೆತಂದರು. ನವರಾತ್ರಿಗೆ ಮೂರೇ ದಿನವಿತ್ತು.

“ಬನ್ನಿ ಗಿಡಕ್ಕ ಕೊಡ್ಲಿ ಹಚ್ಚತೀರೇನ್ರಿ?” ಎಂದುಬಿಟ್ಟೆ.

“ಇದು ಬನ್ನಿ ಏನ್ರಿ, ಅಕ್ಕೋರ?”

“ಮತ್ತೇನ್ರಿ!”

ಬನ್ನಿಯ ಹೂವು ತೆನೆಯಂತೆ ಉದ್ದ, ಜಾಲಿಯದು ಹಳದಿ ಉಂಡೆ. ನನ್ನ ಎಂಟನೇ ಇಯತ್ತೆಯ ಮಕ್ಕಳಿಗೂ ಗೊತ್ತಿತ್ತು, ಓಣಿಗೆ ಗೊತ್ತಿರಲಿಲ್ಲ. ಘಟಸ್ಥಾಪನೆಯ ಬೆಳಗಿನಿಂದ ಹೆಂಗಸರೆಲ್ಲ ದೀಪ, ಅರಿಷಿಣ-ಕುಂಕುಮ ಹಿಡಿದು ಜಾಲಿಯನ್ನು ಸುತ್ತತೊಡಗಿದರು. ಮಾಡಿದ್ದುಣ್ಣೋ ಮಹರಾಯ ಅನ್ನುವಂತೆ ನಾನೂ ಬರಿಗಾಲಲ್ಲಿ ಮುಳ್ಳು ತುಳಿಯುತ್ತ ಸುತ್ತಿದೆ.

ಐದನೇ ದಿನ ಮಾಲೀಕರ ತಾಯಿ ಗರಗದಿಂದ ಬಂದರು. ಹೊಲದಲ್ಲೇ ಜೀವ ಸವೆಸಿದವರು. ಹೂವು ನೋಡಿದರು, ಮುಳ್ಳು ಮುಟ್ಟಿದರು, ಒಂದು ಕಡ್ಡಿ ಮುರಿದು ಹಲ್ಲುಜ್ಜತೊಡಗಿದರು. ಮರದ ಜೀವ, ನನ್ನ ಮಾನ ಎರಡೂ ಆ ಬಾಯಲ್ಲಿದ್ದವು. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ.

ಐದು ಸುತ್ತು ಮುಗಿಸಿ ಅವರು ನನ್ನ ಕಿವಿಯ ಹತ್ತಿರ ಬಂದರು.

“ಅಕ್ಕೋರ, ಈ ಕಟಗೀಲೇ ನಾವು ಬಂಡಿ ಗಾಲಿ ಮಾಡಸೀವಿ, ಹೊಲಾ ಹರಗೋ ಕುಂಟಿ ಮಾಡಸೀವಿ. ಇದರ ಹೆಸರು ನನಗ ಹೇಳಬ್ಯಾಡ್ರಿ. ಬ್ಯಾಸಗ್ಯಾಗ ಇದು ಅಂಟು ಬಿಡತೈತಿ. ಅದಷ್ಟೂ ನನಗ. ಮೊಮ್ಮಗಳು ಬಸರಿ ಅದಾಳ.”

“ಎಲ್ಲಾ ನಿಮಗ ಅವ್ವಾರ,” ಎಂದೆ. ಇಷ್ಟು ಸೋವಿ ಲಂಚಕ್ಕೆ ಯಾರಾದರೂ ಬಾಯಿ ಮುಚ್ಚಿಕೊಳ್ಳುತ್ತಾರೆಯೇ?

ಬೇಸಿಗೆಯಲ್ಲಿ ಅವರು ತಾವೇ ನಿಂತು ಅಂಟು ಬಿಡಿಸಿದರು. ತುಪ್ಪದಲ್ಲಿ ಹುರಿದು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಕೂಡಿಸಿ ಬಾಣಂತಿಗೆ ಉಂಡಿ ಕಟ್ಟಿದರು. ಮಗ ನಮಗೂ ಒಂದು ಡಬ್ಬಿ ತಂದರು.

“ಬನ್ನಿ ಅಂಟಿನ ಉಂಡಿ ರೀ. ಇಂಥಾವು ಎಲ್ಲೂ ಸಿಗಂಗಿಲ್ಲಂತ ಅವ್ವ ಅಂದ್ಲು. ಗಿಡಕ್ಕ ಒಂದು ಕಟ್ಟಿ ಕಟ್ಟಸ್ತೇನ್ರಿ. ಖರೇನ ಬನ್ನಿ ಹೌದಲ್ರಿ, ಅಕ್ಕೋರ?”

ನಾನು ಇಡೀ ಉಂಡಿಯನ್ನು ಬಾಯಿಗೆ ತುರುಕಿಕೊಂಡೆ. ಅವರು ತಾಯಿಯ ಕಡೆ ತಿರುಗಿದರು. ಕಂಪೌಂಡಿನಾಚೆ ನಿಂತಿದ್ದ ಅವ್ವಾರ ಬಾಯಲ್ಲೂ ಉಂಡಿ ತುಂಬಿತ್ತು.