ಹತ್ತು ಬೋಲ್ಟಿನ ಆಕ್ಸಲ್

ಇಂದು ಪಡೀಲಿನ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಪಕ್ಕದ ಗ್ಯಾರೇಜಿನಿಂದ ಗೇರ್ ಆಯಿಲ್ ವಾಸನೆ ಬಂದು ಬಾಬಣ್ಣ ನೆನಪಾದರು. ಅಪ್ಪನ ಹಳೆಯ ಪಿಕಪ್ಪಿಗೆ ಅವರೇ ಮೆಕ್ಯಾನಿಕ್. ಕಣ್ಣು ಮಂಜಾದ ಮೇಲೆ ಉಳಿದ ಗಿರಾಕಿಗಳೆಲ್ಲ ಅವರನ್ನು ಬಿಟ್ಟಿದ್ದರು.

ಒಮ್ಮೆ ಹಿಂದಿನ ಆಕ್ಸಲ್‌ನ ಗೇರು ಸವೆಯಿತು. ಆಕ್ಸಲ್‌ಗಳಲ್ಲಿ ಎರಡು ಬಗೆ. ಮುಚ್ಚಳದ ಬೋಲ್ಟು ಎಣಿಸಿದರೆ ಯಾವುದೆಂದು ತಿಳಿಯುತ್ತಿತ್ತು. ಬಾಬಣ್ಣ ಟಾರ್ಚ್ ಹಿಡಿದು ಗಾಡಿಯ ಅಡಿಗೆ ನುಸುಳಿ, "ಹತ್ತು ಉಂಟು ಮಾರಾಯ, ಹತ್ತರದ್ದೇ ಗೇರ್ ತಾ" ಎಂದರು.

ನಾನೂ ಬಗ್ಗಿ ಎಣಿಸಿದೆ. ಹನ್ನೆರಡು! ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ಜಡೆ ಎಳೆದು, "ಆಯ್ತು ಬಾಬಣ್ಣ" ಎಂದರು. ತಂದದ್ದು ಮಾತ್ರ ಹನ್ನೆರಡರದ್ದು. ಅದನ್ನು ಕೂರಿಸಿದ ಬಾಬಣ್ಣ, "ನಾನು ಹೇಳಿದ್ದು ಎಂತ?" ಎಂದು ಬೀಗಿದರು.

ಇಂದು ಪಕ್ಕದಲ್ಲಿ ನಿಂತಿದ್ದ ಅಪ್ಪ, "ನಮ್ಮ ಬೋಳಾರದ ಬಸ್ಸು ಬಂತು" ಎಂದರು. ಬೋರ್ಡಿನಲ್ಲಿ ಮಾತ್ರ ಬಿಜೈ ಎಂದಿತ್ತು.

"ಹೌದಪ್ಪ, ತುಂಬ ರಶ್ ಉಂಟು. ಇನ್ನೊಂದರಲ್ಲಿ ಹೋಗುವ" ಎಂದೆ.