ಎರಡು ದಿನ ಸತ್ತವನ ಹೆಂಡತಿ

ಐವತ್ತೆರಡು ವರ್ಷದ ಬಾಳಿನಲ್ಲಿ ನಾನು ಊರ ಮುಂದೆ ಮಾನ ಕಳೆದುಕೊಂಡದ್ದಕ್ಕೆ ಲೆಕ್ಕವಿಲ್ಲ. ಆದರೆ ಸತ್ತವರ ಊಟದಲ್ಲಿ ಇಪ್ಪತ್ತು ಗಂಡಸರು ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡಿದ್ದು ಒಂದೇ ಸಲ.

ಆ ದಿನ ಕಾಯಿಮ್ ಮುಂತೊಹಾರ್ ಅವರಿಗೆ ಹಲ್ಲುನೋವು. ನಮ್ಮೂರಿನ ಪ್ರಾರ್ಥನೆ, ಮದುವೆ, ಮಣ್ಣು ಎಲ್ಲಕ್ಕೂ ಅವರೇ. ಊದಿದ ಕೆನ್ನೆಗೆ ಕೈ ಆನಿಸಿಕೊಂಡು, "ಮೇಷ್ಟ್ರೇ, ಊಟಕ್ಕೆ ಮುಂಚಿನ ನಾಲ್ಕು ಮಾತು ನೀವೇ ಹೇಳ್ಬಿಡಿ. ದಿನಾ ಮಕ್ಕಳ ಮುಂದೆ ಹೇಳಲ್ವಾ, ಹಂಗೇನೆ" ಎಂದರು. ಮಕ್ಕಳು ನನ್ನ ಮಾತು ಕೇಳುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಚಾಪೆಯ ನಡುವೆ ಗೋಪುರದ ಹಾಗೆ ಒತ್ತಿ ಇಟ್ಟ ಅನ್ನ, ಅದರ ಬುಡದಲ್ಲಿ ಕಾಲು ಮಡಚಿ ಕೂತ ಇಡೀ ಕೋಳಿ. ನಾನು ಟೋಪಿ ಸರಿಮಾಡಿಕೊಂಡು, ಇನ್‌ಸ್ಪೆಕ್ಟರು ಬಂದಾಗ ಮಾತ್ರ ತೆಗೆಯುವ ದನಿ ತೆಗೆದು, "ಮಂಗಳವಾರ ವಗೇ ದಿನ ತೀರಿಕೊಂಡ ನಮ್ಮ ಮಿಯಾರ್ಜ ಅವರ ಎರಡನೇ ವರ್ಷದ..." ಎಂದು ಶುರುಮಾಡಿದೆ.

"ಮೇಷ್ಟ್ರೇ," ಎಂದು ಮೂಲೆಯಿಂದ ದರ್ಸುನ್ ತಡೆದ. ಪಕ್ಕದ ಮನೆಯವನು, ನಾಲಿಗೆಗೆ ಲಗಾಮಿಲ್ಲ. "ಮಂಗಳವಾರ ಸತ್ತೋರ ಊಟ ನಿನ್ನೆ ಆಯ್ತು. ಇವತ್ತು ಬುಧವಾರ ಸತ್ತೋರದು."

"ನಿನ್ನೇದು ಇನ್ನೂ ಅರಗಿಲ್ಲ ಮೇಷ್ಟ್ರಿಗೆ," ಎಂದರು ಯಾರೋ.

ಕಾಯಿಮ್ ಕೂಡ ನಕ್ಕು, ನಕ್ಕದ್ದಕ್ಕೆ ಹಲ್ಲು ನೊಂದು, ಅಯ್ಯೋ ಎಂದರು. ನಗದೆ ಇದ್ದದ್ದು ಒಬ್ಬರೇ. ಅಡುಗೆಮನೆಯ ಬಾಗಿಲಲ್ಲಿ ಅನ್ನದ ಸೌಟು ಹಿಡಿದು ನಿಂತಿದ್ದ ಮಿಯಾರ್ಜರ ಹೆಂಡತಿ ನಿನಿ ರಸಿವೆನ್. ಊರಿಗೆಲ್ಲ ಅಜ್ಜಿಯಾದವರನ್ನು ನಾವು ನಿನಿ ಎನ್ನುತ್ತೇವೆ. "ಇಬ್ಬರಿಗೂ ಸೇರಿಸಿ ಹೇಳಿ ಮೇಷ್ಟ್ರೇ," ಎಂದರು. "ಇದ್ದಾಗ್ಲೂ ಇಬ್ಬರಷ್ಟು ಉಣ್ತಿದ್ರು."

ಒಬ್ಬನೇ ಗಂಡನಿಗೆ ನಿನಿ ಎರಡೆರಡು ಸಲ ಬಡಿಸುತ್ತಿದ್ದುದಕ್ಕೆ ಕಾರಣವಿತ್ತು. ನಮ್ಮಲ್ಲಿ ವಾರಗಳು ಎರಡು. ಎಲ್ಲರಿಗೂ ಇರುವ ಏಳು ದಿನದ್ದೊಂದು, ವಗೇ, ಕ್ಲಿವೊನ್ ಎಂಬಂಥ ಹೆಸರುಗಳಿರುವ ಸಂತೆಗಳ ಐದು ದಿನದ್ದೊಂದು. ಎರಡರ ಹೆಸರೂ ಕೂಡಿದರೇ ಒಂದು ದಿನ ಪೂರ್ತಿಯಾಗುವುದು. ಒಬ್ಬರು ಸತ್ತರೆ ಮೂರನೆಯ ದಿನ, ಏಳನೆಯ ದಿನ, ನಲವತ್ತು, ನೂರು, ಆಮೇಲೆ ಒಂದು ವರ್ಷ, ಎರಡು ವರ್ಷ, ಕೊನೆಗೆ ಸಾವಿರದ ದಿನ, ಎಲ್ಲವನ್ನೂ ಆ ಜೋಡಿ ಹೆಸರು ಹಿಡಿದೇ ಬೆರಳ ಮೇಲೆ ಎಣಿಸುವುದು. ಎಣಿಕೆ ತಪ್ಪಿದರೆ ಮನೆಗೆ ಬಂದ ಜೀವ ತಣ್ಣಗಿರುವ ಒಲೆ ನೋಡಿಕೊಂಡು ಹಿಂದಕ್ಕೆ ಹೋಗುತ್ತದೆ. ತೊಡಕಿರುವುದು ಒಂದೇ ಕಡೆ: ನಮ್ಮ ದಿನ ಮುಗಿಯುವುದು ನಡುರಾತ್ರಿಯಲ್ಲಲ್ಲ, ಹೊತ್ತು ಮುಳುಗಿದಾಗ. ಮಸೀದಿಯ ಸಂಜೆ ನಗಾರಿ ಬಡಿದರೆ ಮಂಗಳವಾರ ವಗೇ ಮುಗಿದು ಬುಧವಾರ ಕ್ಲಿವೊನ್ ಹುಟ್ಟಿತು. ಮಿಯಾರ್ಜ ಪ್ರಾಣ ಬಿಟ್ಟದ್ದು ಸರಿಯಾಗಿ ಆ ನಗಾರಿಯ ಆಸುಪಾಸಿನಲ್ಲಿ.

"ನಗಾರಿಗೆ ಮುಂಚೆಯೋ, ಆಮೇಲೆಯೋ?" ಎಂದು ಮಣ್ಣು ಮಾಡುವ ದಿನವೇ ಕಾಯಿಮ್ ಕೇಳಿದ್ದರು.

"ಗೊತ್ತಿಲ್ಲ."

"ಮನೇಲೇ ಇದ್ರಲ್ಲ ನಿನಿ?"

"ಮನೇಲೇ ಇದ್ದೆ. ಗೊತ್ತಿಲ್ಲ."

ಅಂದಿನಿಂದ ನಿನಿ ಪ್ರತಿ ಊಟವನ್ನೂ ಎರಡು ದಿನ ಮಾಡಿದರು. ಎರಡು ಗೋಪುರ, ಎರಡು ಕೋಳಿ. ಅಕ್ಕಪಕ್ಕದ ಹೆಂಗಸರು ಎರಡು ಸಲ ಬಂದು ತೆಂಗಿನಕಾಯಿ ತುರಿದು ಕೊಟ್ಟರು. ಊರು ನಗುತ್ತಿತ್ತು, ಉಣ್ಣುತ್ತಿತ್ತು, ಬಾಳೆಎಲೆಯ ಪೊಟ್ಟಣ ಮನೆಗೆ ಒಯ್ಯುತ್ತಿತ್ತು.

ಆ ಊರಿನಲ್ಲಿ ನಗಾರಿಗೆ ಮುಂಚೆಯೋ ಆಮೇಲೆಯೋ ಎಂದು ಖಚಿತವಾಗಿ ಬಲ್ಲವನು ಒಬ್ಬನಿದ್ದ. ಅವನೂ ಎರಡೂ ದಿನ ಪೊಟ್ಟಣ ಒಯ್ಯುತ್ತಿದ್ದ. ಅವನು ನಾನು.

ಅವತ್ತು ಸಂಜೆ ನಗಾರಿ ಬಡಿದ ಮೇಲೆ ನಾನು ಮಸೀದಿಗೆ ಓಡುತ್ತಿದ್ದೆ. ದಾರಿ ಅವರ ಮನೆಯ ಬಿದಿರು ಗೋಡೆಗೆ ತಗುಲಿಕೊಂಡೇ ಹೋಗುತ್ತದೆ. ಒಳಗೆ ಮಿಯಾರ್ಜ ಕೆಮ್ಮಿದರು. "ಅವ್ವಾ" ಎಂದರು. ಹೆಂಡತಿಯನ್ನು ಅವ್ವಾ ಎಂದು ಕರೆಯುವುದು ನಮ್ಮೂರ ಗಂಡಸರ ರೂಢಿ. ಸ್ವಲ್ಪ ತಡೆದು ಮತ್ತೊಮ್ಮೆ, "ಅವ್ವಾ." ಹಿತ್ತಲ ಅಡುಗೆಮನೆಯ ಸೂರಿನಿಂದ ಹೊಗೆ ಏಳುತ್ತಿತ್ತು. ನಿನಿ ಇದ್ದಾರಲ್ಲ, ಹೋಗುತ್ತಾರೆ ಎಂದುಕೊಂಡು ಮುಂದೆ ನಡೆದೆ. ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಅವರ ಅಂಗಳದಲ್ಲಿ ಜನ ಸೇರಿತ್ತು.

ಕರೆದದ್ದು ಕೇಳಿಯೂ ಒಳಗೆ ಇಣುಕದೆ ಹೋದೆ ಎಂದು ಯಾವ ಬಾಯಿಂದ ಹೇಳಲಿ? ಇವತ್ತು ಹೇಳೋಣ, ಏಳನೆಯ ದಿನಕ್ಕೆ ಹೇಳೋಣ, ನಲವತ್ತಕ್ಕೆ ಹೇಳೋಣ ಎಂದು ಮುಂದೂಡಿದೆ. ಮುಂದೂಡುವುದರಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲೇ ಇಲ್ಲ. ಎರಡು ಊಟ ಹಾಕಿದರೆ ಯಾರಿಗೇನು ನಷ್ಟ ಎಂದೂ ಅನ್ನಿಸುತ್ತಿತ್ತು. ನಷ್ಟವೇನೆಂದು ಗೊತ್ತಾದದ್ದು ಆಮೇಲೆ.

ನಿನಿ ರಸಿವೆನ್ ಹದಿನೈದಕ್ಕೆ ಮದುವೆಯಾಗಿ ಬಂದವರು. ಮಿಯಾರ್ಜ ದಿನಕ್ಕೆ ಎರಡು ಸಲ ಇಪ್ಪತ್ತನಾಲ್ಕು ತೆಂಗಿನ ಮರ ಹತ್ತಿ, ಹೊಂಬಾಳೆ ಕೊಯ್ದು, ಬಿದಿರಿನ ಅಂಡೆಗಳಲ್ಲಿ ನೀರಾ ಇಳಿಸುವವರು. ಅದನ್ನು ಕಾಯಿಸಿ ಬೆಲ್ಲ ಮಾಡುವುದು ನಿನಿಯ ಪಾಲು. ಗಂಡನ ಮುಖಕ್ಕಿಂತ ಹೆಚ್ಚಾಗಿ ಗಂಡನ ಸದ್ದನ್ನು ಕಂಡವರು ಅವರು. ಒಲೆಯ ಮುಂದೆ ಕೂತೇ, ಈಗ ಬಾವಿಯ ಹತ್ತಿರದ ಮರ, ಈಗ ಹಳ್ಳದ ಆಚೆಯದು ಎಂದು ಕತ್ತಿಯ ಟಕಟಕದಿಂದ ಹೇಳುತ್ತಿದ್ದರು. ಸೊಂಟದ ಅಂಡೆಗಳು ಒಂದಕ್ಕೊಂದು ಬಡಿಯುವ ಸದ್ದು ಅಂಗಳಕ್ಕೆ ಬಂದರೆ, "ಬಂತು ನಮ್ಮನೆ ಮಂಗ" ಎನ್ನುತ್ತಿದ್ದರು. ಮೂವತ್ತೆಂಟು ವರ್ಷ ಹೀಗೆ ನಡೆಯಿತು. ಮಗಳೊಬ್ಬಳು ಹುಟ್ಟಿ, ಬೆಳೆದು, ಸಮುದ್ರದ ಕಡೆಯ ಊರಿಗೆ ಸೊಸೆಯಾಗಿ ಹೋದಳು.

ಒಂದು ಮಳೆಗಾಲದ ಬೆಳಿಗ್ಗೆ ಟಕಟಕ ನಡುವೆಯೇ ನಿಂತಿತು. ನಿನಿ ಸೌಟು ಎಸೆದು ಓಡಿದರು. ಮರದ ಬುಡಕ್ಕೆ ಮೊದಲು ತಲುಪಿದ್ದು ಅವರೇ. ಮಿಯಾರ್ಜರ ಸೊಂಟ ಮುರಿದಿತ್ತು. "ಮರ ಜಾರಲಿಲ್ಲ, ನಾನೇ ಜಾರಿದ್ದು," ಎಂದರಂತೆ, ಮರದ ಮೇಲೆ ದೂರು ಬರಬಾರದಲ್ಲ. ಆಮೇಲೆ ನಾಲ್ಕು ವರ್ಷ ಬಿದಿರು ಮಂಚದ ಮೇಲೆ. ಅವರ ಮರಗಳನ್ನು ದರ್ಸುನ್ ಪಾಲಿಗೆ ಹತ್ತುತ್ತಿದ್ದ. ನಿನಿ ಅದೇ ಒಲೆಯ ಮುಂದೆ, ಅದೇ ಬಾಣಲೆ. ಮಧ್ಯೆ ಮಧ್ಯೆ ಎದ್ದುಹೋಗಿ ಗಂಡನನ್ನು ಮಗ್ಗುಲು ಹೊರಳಿಸಿ, ಒರೆಸಿ, ಬೈದು ಬರುತ್ತಿದ್ದರು. "ಮಲಗಿದ್ದಲ್ಲೇ ಇಷ್ಟು ಭಾರ ಆಗ್ತಾರಲ್ಲ, ಮರ ಹೆಂಗೆ ತಡಕೊಂಡಿತ್ತೋ!" ಎಂದು ಅವರು ಅಂದರೆ ಮಂಚದಿಂದ ನಗು ಕೇಳಿಸುತ್ತಿತ್ತು.

ಸಾವಿರದ ದಿನ ಹತ್ತಿರ ಬಂತು. ಸತ್ತವರು ಈ ಮನೆಯ ಋಣ ಹರಿದುಕೊಂಡು ಕೊನೆಯದಾಗಿ ಹೊರಡುವ ದಿನ ಅದು. ಗೋರಿಗೆ ಕಲ್ಲು ಕೂರಿಸುವುದೂ ಆಗಲೇ. ಕಲ್ಲುಕುಟಿಗ ವಾಸ್ಕಿನ್ ಉಳಿ ಹಿಡಿದು ಕಾಯಿಮ್ ಅವರ ಜಗಲಿಗೆ ಬಂದ.

"ಹೆಸರು ಕೆತ್ತಿ ಆಯ್ತು. ಸತ್ತ ದಿನ ಯಾವುದು?"

"ಎರಡೂ ಕೆತ್ತಯ್ಯ," ಎಂದ ದರ್ಸುನ್. "ಒಂದು ಅಲ್ಲದಿದ್ರೆ ಇನ್ನೊಂದು ಅಂತ."

"ಕಲ್ಲೇನು ಲಾಟರಿ ಚೀಟೀನಾ?" ವಾಸ್ಕಿನ್ ರೇಗಿದ. "ಒಂದು ಗೋರಿಗೆ ಒಂದು ದಿನ. ನೋಡಿದೋರು ಇಬ್ಬರು ಒಳಗವ್ರೆ ಅಂದ್ಕೊಳ್ಳಲ್ವಾ?"

ಕಾಯಿಮ್ ನನ್ನ ಕಡೆ ತಿರುಗಿದರು. ಅಕ್ಷರ ದುಂಡಗಿದೆ ಎಂದು ಊರಿನ ಎಲ್ಲ ಗೋರಿಗಳಿಗೂ ಪೆನ್ಸಿಲಿನಲ್ಲಿ ಮಾದರಿ ಬರೆದುಕೊಡುವವನು ನಾನೇ. ನನ್ನ ಬರಹ ಅಚ್ಚಾಗಿರುವುದು ಅಲ್ಲಿ ಮಾತ್ರ. "ನೀವೇ ಹೋಗಿ ಕೇಳಿ ಬರ್ಕೊಂಡು ಬನ್ನಿ ಮೇಷ್ಟ್ರೇ. ನಾನು ಕೇಳಿದ್ರೆ ಗೊತ್ತಿಲ್ಲ ಅಂತಾರೆ."

ಹೋದೆ. ನಿನಿ ಒಲೆಯ ಮುಂದಿದ್ದರು. ಬಾಣಲೆಯಲ್ಲಿ ನೀರಾ ಉಕ್ಕಿ ಉಕ್ಕಿ ಕೆಂಪಗಾಗುತ್ತಿತ್ತು. ಪಕ್ಕದಲ್ಲಿ ಬೆಲ್ಲದ ಅಚ್ಚಿಗೆಂದು ತೊಳೆದು ಬೋರಲು ಹಾಕಿದ ಕರಟಗಳು. ನಾನು ಮಣೆಯ ಮೇಲೆ ಕೂತು, ಕಾಗದ ಬಿಚ್ಚಿ, ಬಂದ ಕೆಲಸ ಹೇಳಿದೆ.

ನಿನಿ ಬಹಳ ಹೊತ್ತು ಸೌಟು ಆಡಿಸಿದರು.

"ಅವತ್ತು ಪಾಕ ಹದಕ್ಕೆ ಬಂದಿತ್ತು," ಎಂದರು. "ಹದಕ್ಕೆ ಬಂದ ಪಾಕ ಯಾರಪ್ಪನಿಗೂ ಕಾಯಲ್ಲ. 'ಅವ್ವಾ, ನೀರು' ಅಂದ್ರು. 'ಇರಿ, ಬಂದೆ' ಅಂದೆ. ಕರಟಕ್ಕೆ ಹುಯ್ಯೋಕೆ ಶುರು ಮಾಡಿದ್ದೆ. ಇಪ್ಪತ್ತೆಂಟು ಕರಟ. ಅರ್ಧ ಹುಯ್ದಿದ್ದೆ, ನಗಾರಿ ಬಡೀತು. ಮಿಕ್ಕಿದ್ದು ಹುಯ್ದು, ಕೈ ತೊಳ್ಕೊಂಡು, ನೀರು ತಗೊಂಡು ಹೋದೆ. ಕಣ್ಣು ಬಾಗಿಲ ಕಡೆಗೇ ಇತ್ತು."

ನಾನು ಬೋರಲು ಹಾಕಿದ ಕರಟಗಳನ್ನು ಎಣಿಸಿದೆ.

"ನಗಾರಿಗೆ ಮುಂಚೆ ಹೋಗಿದ್ರೆ, ನಾನು ಬಂದೆ ಅಂದಿದ್ದು ಕೇಳ್ಕೊಂಡು ಹೋದ್ರು ಅಂತ. ಆಮೇಲೆ ಹೋಗಿದ್ರೆ, ಕಾದೂ ಕಾದೂ ಬಾಯಾರಿ ಹೋದ್ರು ಅಂತ. ಊರವ್ರಿಗೆ ಅದು ಮಂಗಳವಾರ, ಬುಧವಾರ. ನನಗೆ ಅದಲ್ಲ ಮೇಷ್ಟ್ರೇ. ಯಾವುದು ಅಂತ ಗೊತ್ತಾಗೋದೇ ಬೇಡ ಅಂತ ಎರಡೂ ದಿನ ಬಡಿಸ್ದೆ." ಸೌಟಿನಿಂದ ಒಂದು ಹನಿ ನೀರಿನ ಬಟ್ಟಲಿಗೆ ಬಿಟ್ಟು ನೋಡಿದರು. ಇನ್ನೂ ಹದ ಬಂದಿರಲಿಲ್ಲ. "ಈಗ ಈ ಕಲ್ಲು ಬಂದು ಕೂತಿದೆ. ನೀವು ಓದಿದೋರು. ಯಾವುದು ಬರೀಬೇಕು ಹೇಳಿ."

ಮಂಗಳವಾರ ವಗೇ. ಎರಡೇ ಪದ. ಬರೆದುಬಿಟ್ಟರೆ ಆ ಹೆಂಗಸು ಉಳಿದ ಆಯುಷ್ಯವನ್ನು ನೆಮ್ಮದಿಯಿಂದ ಕಳೆಯುತ್ತಿದ್ದರು, ನಾನೂ ಬಚಾವಾಗುತ್ತಿದ್ದೆ. ಪೆನ್ಸಿಲನ್ನು ಕಾಗದಕ್ಕೆ ಒತ್ತಿದೆ. ಮೂವತ್ತು ವರ್ಷ ಹಾಜರಿ ಪುಸ್ತಕದಲ್ಲಿ ಬಾರದ ಮಕ್ಕಳನ್ನೂ ಬಂದರೆಂದು ಬರೆದ ಕೈ ಅದು. ಅಂಥ ಕೈ ಅಲ್ಲೇ ನಿಂತುಬಿಟ್ಟಿತು. ಸುಳ್ಳು ಹೇಳುವುದರಲ್ಲೂ ನಾನು ನಿಧಾನ. ಅದು ಬಾಯಿಗೆ ಬರುವಷ್ಟರಲ್ಲಿ ನಿನಿ ನನ್ನ ಮುಖ ನೋಡಿಯಾಗಿತ್ತು.

"ನಿಮಗೇನೋ ಗೊತ್ತು," ಎಂದರು.

"ನಗಾರಿ ಆದ್ಮೇಲೆ ನಿಮ್ಮ ಗೋಡೆ ಪಕ್ಕ ಹೋದೆ ನಿನಿ. ಕೆಮ್ಮಿದ್ರು. ಅವ್ವಾ ಅಂದ್ರು."

"ಎಷ್ಟು ಸಲ?"

"ಎರಡು."

"ಕೂಗಿದ್ರಾ?"

"ಇಲ್ಲ. ಮೆಲ್ಲಗೆ."

ನಿನಿ ತಲೆಯಾಡಿಸಿದರು. "ಮೂರನೇ ಸಲ ಕರೆಯೋ ಮನುಷ್ಯ ಅಲ್ಲ ಅವರು," ಎಂದರು. ಸೌಟನ್ನು ಬಾಣಲೆಯ ಅಂಚಿಗೆ ಒರಗಿಸಿ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಆ ಕೈಗಳು ಸುಮ್ಮನಿದ್ದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬೆರಳುಗಳ ಮೇಲೆಲ್ಲ ಪಾಕ ಸಿಡಿದ ಬಿಳಿ ಕಲೆಗಳು. ನೊರೆ ಇಳಿಯಿತು, ಪಾಕ ಗಟ್ಟಿಯಾಗಿ ಬುಳುಬುಳು ಎನ್ನತೊಡಗಿತು, ಅಂಚಿನಲ್ಲಿ ಕಪ್ಪಾಯಿತು.

"ನಿನಿ, ಪಾಕ..."

"ಇರಲಿ."

ಸೀದ ವಾಸನೆ ಅಡುಗೆಮನೆ ತುಂಬಿತು. ನಾನು ಕೆಮ್ಮಿದೆ. ಅವರು ಕದಲಲಿಲ್ಲ. ಕೊನೆಗೆ ನಾನೇ ಎದ್ದು ಒಲೆಯಿಂದ ಸೌದೆ ಎಳೆದು, ಕೈ ಸುಟ್ಟುಕೊಂಡೆ.

"ನಾನು ಒಳಗೆ ಬರಬೇಕಿತ್ತು ನಿನಿ."

"ಹೌದು," ಎಂದರು. "ಬರಬೇಕಿತ್ತು."

ಬೇರೆ ಯಾರಾದರೂ ಆಗಿದ್ದರೆ ಇರಲಿ ಬಿಡಿ, ನಿಮಗೇನು ಗೊತ್ತು ಎನ್ನುತ್ತಿದ್ದರು. ನಮ್ಮೂರಿನಲ್ಲಿ ಯಾರ ಮುಖಕ್ಕೂ ತಪ್ಪು ಎನ್ನುವ ರೂಢಿಯಿಲ್ಲ. ನಿನಿ ಹಾಗೆ ಅನ್ನಲಿಲ್ಲ. "ನಾನೂ ಹೋಗಬೇಕಿತ್ತು," ಎಂದು, ಸೆರಗಿನಿಂದ ಮುಖ ಒರೆಸಿಕೊಂಡರು. "ಬುಧವಾರ ಕ್ಲಿವೊನ್ ಅಂತ ಬರೀರಿ. ದುಂಡಗೆ ಬರೀರಿ."

ಬರೆದೆ. ಆ ಎರಡು ಪದಗಳಷ್ಟು ಸೊಟ್ಟ ಅಕ್ಷರ ನಾನು ಜೀವಮಾನದಲ್ಲಿ ಬರೆದಿಲ್ಲ. ವಾಸ್ಕಿನ್ ಅದನ್ನು ಹಾಗೆಯೇ ಸೊಟ್ಟಗೆ ಕೆತ್ತಿದ.

ಸಾವಿರದ ದಿನದ ಊಟ ಸೋಮವಾರ ವಗೇ ದಿನ ನಡೆಯಿತು. ಒಂದೇ ಗೋಪುರ, ಒಂದೇ ಕೋಳಿ. "ನಿನ್ನೆ ಯಾಕೆ ಕರೀಲಿಲ್ಲ ನಿನಿ? ಮಂಗಳವಾರ ಸತ್ತೋರು ಉಪವಾಸ ಇರಬೇಕಾ?" ಎಂದು ದರ್ಸುನ್ ಎಂದಿನ ಹಾಗೆ ಕೆಣಕಿದ. ಬಾಗಿಲಲ್ಲಿ ನಿಂತ ನಿನಿಯ ಮುಖ ನೋಡಿ ಯಾರೂ ನಗಲಿಲ್ಲ. ಅವನು ತುತ್ತು ಹಿಡಿದುಕೊಂಡು ಸುತ್ತ ನೋಡಿ, ತಾನೇನು ತಪ್ಪು ಮಾಡಿದೆ ಎಂದು ತಿಳಿಯದೆ ತಲೆ ತಗ್ಗಿಸಿ ಉಂಡ. ನಾನು ಪೊಟ್ಟಣ ತೆಗೆದುಕೊಳ್ಳದೆ ಎದ್ದೆ. ನಿನಿ ಹಿಂದಿನಿಂದ ಬಂದು ಕೈಗಿಟ್ಟರು.

ಅದಕ್ಕೆ ಮುಂಚೆ ಬೆಳಿಗ್ಗೆಯೇ ಕಲ್ಲು ಕೂರಿಸಿದ್ದೆವು. ಗೋರಿಯ ಮೇಲೆ ದೇವಕಣಗಿಲೆ ಹೂ ಉದುರಿತ್ತು. ಕಾಯಿಮ್ ಪ್ರಾರ್ಥನೆ ಮುಗಿಸಿ ಮುಂದೆ ಹೋದರು, ವಾಸ್ಕಿನ್ ಉಳಿ ಸುತ್ತಿಗೆ ಕಟ್ಟಿಕೊಂಡು ಹೊರಟ. ನಿನಿ ಮಾತ್ರ ಕುಕ್ಕರುಗಾಲಲ್ಲಿ ಕೂತು, ಕೆತ್ತಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದರು. ಓದು ಬಾರದವರು. ಮೊದಲಿನಿಂದ ಕೊನೆಯವರೆಗೆ ಒಂದು ಸಲ ಸವರಿ, ಮತ್ತೆ ಮೊದಲಿನಿಂದ ಶುರುಮಾಡಿದರು. ತುಟಿ ಅಲುಗುತ್ತಿತ್ತು. ಏನೆಂದರೋ ನನಗೆ ಕೇಳಲಿಲ್ಲ, ಕೇಳಿಸಿಕೊಳ್ಳುವ ಯೋಗ್ಯತೆಯೂ ನನಗಿರಲಿಲ್ಲ. ಗೋರಿಯ ಎಡಕ್ಕೆ ಒಬ್ಬರು ಮಲಗುವಷ್ಟು ಜಾಗ ಬಿಟ್ಟಿದ್ದರು. ಅದು ಯಾರಿಗೆಂದು ಕೇಳುವ ಅಗತ್ಯವಿರಲಿಲ್ಲ.

ನನಗೆ ಮೌನ ತಡೆಯುವುದಿಲ್ಲ. ತರಗತಿಯಲ್ಲಿ ಗದ್ದಲ ನಿಂತರೂ ದಿಗಿಲಾಗುವವನು ನಾನು. ಏನಾದರೂ ಆಡಬೇಕು ಎಂದುಕೊಂಡು, ಆಡಬಾರದ್ದನ್ನೇ ಆಡಿದೆ: "ನಿಮ್ಮ ಸರದಿ ಬಂದಾಗ ದಿನ ಯಾವುದು ಅಂತ ನಾವು ಯಾರನ್ನ ಕೇಳ್ಬೇಕು ನಿನಿ?"

ನಿನಿ ಮೊಳಕಾಲಿಗೆ ಕೈಯೂರಿ ಎದ್ದು, ಸೀರೆಗೆ ಅಂಟಿದ ಮಣ್ಣು ಕೊಡವಿಕೊಂಡರು.

"ಯಾರನ್ನೂ ಕೇಳ್ಬೇಕಾಗಿಲ್ಲ," ಎಂದರು. "ನಾನು ಮಟಮಟ ಮಧ್ಯಾಹ್ನ ಸಾಯ್ತೀನಿ."